‘ಕುಡಿಯಂಗಿಲ್ಲ’ ಅಂತ ಬರಸ್ತಾರ, ಹಿತ್ತಲದಾಗ ಪಾಕೀಟು ಬಿದ್ದಿರ್ತಾವ: ಸಮೀಕ್ಷೆ ಹೆಂಗ ಮಾಡಬೇಕು?

ಎಡದಂಡೆ ಹುಡುಗಿ:

ಎಲ್ಲಾರಿಗೂ ನಮಸ್ಕಾರ. ನಾನು ಎಂ.ಎಸ್.ಡಬ್ಲ್ಯು., ಅಂದ್ರ ಸಮಾಜಕಾರ್ಯದ ಎಂ.ಎ. ಥರದ ಓದು, ಕೊನೇ ವರ್ಷದಾಗ ಓದಾಕತ್ತೀನಿ. ಕ್ಷೇತ್ರಕಾರ್ಯಕ್ಕ ಸಿಂಧನೂರು ತಾಲೂಕಿನ ಒಂದು ಹಳ್ಳಿ ಸಿಕ್ಕೈತಿ. ಊರ ಹೆಸರು ಹಾಕಂಗಿಲ್ಲ, ಮಂದಿ ಗುರ್ತು ಹತ್ತತೈತಿ. ವಿಷಯ ಕುಡಿತ ಮತ್ತ ಮನಿ ಖರ್ಚು.

ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಅಂತ, ಕುಡಿತ ಎಷ್ಟು ಅಂತ ಅಳಿಯೋ 10 ಪ್ರಶ್ನಿ ಇರೋ ಪಟ್ಟಿ ಕೊಟ್ಟಾರ. ಕನ್ನಡಕ್ಕ ಮಾಡ್ಕೊಂಡು ಮನಿ ಮನಿ ತಿರುಗಾಕತ್ತೀನಿ. ಹೋದಲ್ಲೆಲ್ಲ ಗಂಡಸರದು ಒಂದೇ ಮಾತು: “ಇಲ್ಲವ್ವ, ನಾವು ಮುಟ್ಟಂಗಿಲ್ಲ. ಹಬ್ಬಕ್ಕೊಮ್ಮೆ, ಜಾತ್ರಿಗೊಮ್ಮೆ, ಅದೂ ಒಂದ.” ನಾನು ಹಂಗ ಬರಕೊಂಡೆ. ಹೊರಗ ಬಂದ್ರ ಹಿತ್ತಲದ ಗ್ವಾಡಿ ಬುಡಕ್ಕ ಮದ್ಯದ ಟೆಟ್ರಾ ಪಾಕೀಟು ರಾಶಿ ಬಿದ್ದಿರ್ತಾವ. ಊರಾಗ ಪರವಾನಗಿ ಅಂಗಡಿ ಒಂದೂ ಇಲ್ಲ, ಆದ್ರ ಕಿರಾಣಿ ಅಂಗಡ್ಯಾಗ ಸಕ್ಕರಿ ಚೀಲದ ಹಿಂದ ಸಿಗ್ತೈತಿ. ಚಿಕ್ಕ ಹುಡುಗರೂ ಇದನ್ನ ಹೇಳ್ತಾವ.

ಗೈಡ್ ಸರ್ ಅಂತಾರ, “ನಿನ್ನ ಅಂಕಿ ಸರಕಾರಿ ಸಮೀಕ್ಷೆಗೆ ಹೊಂದತೈತಿ, ಸುಮ್ಮನ ಬರೆದು ಮುಗಿಸು.” ನಂಗ ಮನಸ್ಸು ಒಪ್ಪವಲ್ದು. ನಿನ್ನೆ ಬಸ್ ಕಾಯೋವಾಗ ಒಬ್ಬಾಕಿ ಬಂದು ಕೈ ಹಿಡಕೊಂಡು ಅಂದ್ಲು: “ಅವನ್ನ ಕೇಳಿದಿ, ನನ್ನ ಕೇಳಲಿಲ್ಲಲ್ಲ ತಂಗಿ.” ಆಮ್ಯಾಲ ಕೇಳಿದ್ಲು: “ಇವನ್ನ ಎಲ್ಲಿಗೆ ಕರಕೊಂಡು ಹೋಗ್ಲಿ?” ನನ್ನ ಹತ್ರ ಎರಡಕ್ಕೂ ಉತ್ತರ ಇರಲಿಲ್ಲ.

ಪ್ರಶ್ನಿ ಎರಡು. ಒಂದು, ನಿಜ ಬರೋ ಹಂಗ ಹೆಂಗ ಕೇಳಬೇಕು? ಎರಡು, ಆಕಿಗೆ ಏನು ಹೇಳಲಿ?

ಮಸ್ಕಿ ಮಾಸ್ತರ:

ಮಕ್ಕಳನ್ನ ಕೇಳವ್ವ. ನನ್ನ ತರಗತ್ಯಾಗ ಯಾರ ಮನ್ಯಾಗ ರಾತ್ರಿ ಏನಾತು ಅಂತ ಮುಂಜಾನಿ ಮುಖ ನೋಡಿದ್ರ ತಿಳೀತೈತಿ.

ಕೊಪ್ಪಳ ಆಶಾ:

ಮಾಸ್ತರ್ರ, ಬ್ಯಾಡ. ಮಗು ಹೇಳಿತು ಅಂತ ಅಪ್ಪಗ ಗೊತ್ತಾದ್ರ ಆ ರಾತ್ರಿ ಏಟು ಬೀಳೋದು ಮಗೂಗೆ. ನಾವು ಮನಿ ಮನಿ ತಿರುಗೋರು, ಇದನ್ನ ಕಣ್ಣಾರೆ ನೋಡೀವಿ. ಮುಖ ನೋಡಿ ತಿಳಕೊಳ್ರಿ, ಅಂಥ ಮಗೂಗೆ ಊಟದ ಹೊತ್ತಿಗೆ ಇನ್ನೊಂದು ಸವಟು ಹಾಕಸ್ರಿ. ಕಾಗದದ ಮ್ಯಾಲ ಮಾತ್ರ ಬರೀಬ್ಯಾಡ್ರಿ.

ಮಸ್ಕಿ ಮಾಸ್ತರ:

ಒಪ್ಪಿದೆ ತಾಯಿ. ನಾನು ಅಷ್ಟು ಯೋಚನೆ ಮಾಡಿರಲಿಲ್ಲ.

ಲೆಕ್ಕದ ಮನುಷ್ಯ:

ಆರೋಗ್ಯ ಸಮೀಕ್ಷೆಗಳ ದತ್ತಾಂಶದಲ್ಲಿ ಕೆಲಸ ಮಾಡಿದವನು ನಾನು. ನಿಮ್ಮ ಗೈಡ್ ಹೇಳಿದ ಸರಕಾರಿ ಸಮೀಕ್ಷೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 ಇರಬೇಕು, 2019-21ರದ್ದು. ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಕುಡಿಯುವವರು ಶೇ 18.8, ಹೆಂಗಸರಲ್ಲಿ ಶೇ 1.3 ಅಂತ ಅದರಲ್ಲಿದೆ. ಅದಕ್ಕೂ ಮೊದಲು 2019ರಲ್ಲಿ ದಿಲ್ಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಮಾಡಿದ ಸಮೀಕ್ಷೆ ಬಂತು. 10ರಿಂದ 75 ವಯಸ್ಸಿನವರಲ್ಲಿ ಶೇ 14.6, ಅಂದರೆ ಸುಮಾರು 16 ಕೋಟಿ ಜನ. ಗಂಡಸರನ್ನಷ್ಟೇ ತೆಗೆದುಕೊಂಡರೆ ಶೇ 27.3. ಎರಡೂ ಸಮೀಕ್ಷೆ ಹೆಚ್ಚು ಕಡಿಮೆ ಒಂದೇ ಕಾಲದವು, ಆದರೂ ಇಷ್ಟು ಅಂತರ. ಯಾರು ಕೇಳಿದರು, ಯಾರ ಎದುರು ಕೇಳಿದರು, ಯಾವ ಪ್ರಶ್ನೆಯ ನಂತರ ಕೇಳಿದರು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಇಪ್ಪತ್ತೆರಡು ವರ್ಷದ ಹುಡುಗಿ ಅಂಗಳದಲ್ಲಿ ನಿಂತು, ಅವ್ವನ ಮುಂದೆ, ಹೆಂಡತಿಯ ಮುಂದೆ ಕೇಳಿದರೆ ಯಾವ ಗಂಡಸು ನಿಜ ಹೇಳ್ತಾನೆ?

ಅದಕ್ಕೇ ‘ಕುಡೀತೀರಾ’ ಅಂತ ಶುರು ಮಾಡಬೇಡಿ. ಕಳೆದ 30 ದಿನದ ಕ್ಯಾಲೆಂಡರ್ ಮುಂದಿಡಿ. ಅಮಾವಾಸ್ಯೆ, ಸಂತೆ ದಿನ, ಕೂಲಿ ಬಟವಾಡೆ ದಿನ, ಊರಲ್ಲಾದ ಮದುವೆ, ಎಲ್ಲ ಮೊದಲು ಗುರುತು ಮಾಡಿ. ಆಮೇಲೆ ‘ಆ ಸಂತೆ ದಿನ ಎಷ್ಟಾಯ್ತು’ ಅಂತ ಒಂದೊಂದೇ ದಿನ ಹಿಂದಕ್ಕೆ ಹೋಗಿ. ‘ಕುಡಿದಿರಾ’ ಅನ್ನಬೇಡಿ, ‘ಎಷ್ಟು’ ಅನ್ನಿ. ಉತ್ತರದಲ್ಲಿ ವ್ಯತ್ಯಾಸ ಕಾಣ್ತೀರಿ.

ಸ್ಟಾಫ್ ನರ್ಸ್ ಗಂಗಾವತಿ:

ಮೊದಲ ಪೋಸ್ಟಿನಾಗ ಒಂದು ಮಾತು ಯಾರೂ ಹಿಡೀಲಿಲ್ಲ. “ಅದೂ ಒಂದ” ಅಂದ್ರಂತ. ತಂಗಿ, ನೀ ಅದನ್ನ ‘1 ಡ್ರಿಂಕ್’ ಅಂತ ಬರಕೊಂಡಿಯಾ?

ಎಡದಂಡೆ ಹುಡುಗಿ:

ಹೌದ್ರಿ. ಒಂದು ಅಂದ್ರ ಒಂದು ಅಂತ ಬರದೆ.

ಸ್ಟಾಫ್ ನರ್ಸ್ ಗಂಗಾವತಿ:

ಅಲ್ಲೇ ನಿನ್ನ ಲೆಕ್ಕ ತಪ್ಪೈತಿ. ಆಡಿಟ್ ಪಟ್ಟಿಯೊಳಗ ಒಂದು ಡ್ರಿಂಕ್ ಅಂದ್ರ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ಕಡೆ ಸಿಗೋ ವಿಸ್ಕಿ, ರಮ್ಮು ಶೇ 42.8 ಇರ್ತಾವ. 30 ಎಂ.ಎಲ್.ಗೆ 10 ಗ್ರಾಂ ಆತು. ನಮ್ಮ ಗಂಡಸರು ಒಂದು ಅಂದ್ರ ಒಂದು ಪಾಕೀಟು. 90ರ ಪಾಕೀಟು ಆದ್ರ 3 ಡ್ರಿಂಕ್, 180ರದ್ದು ಆದ್ರ 6. ಆ ಪಟ್ಟಿಯ ಮೂರನೇ ಪ್ರಶ್ನಿ ಏನೈತಿ ನೋಡು: ‘ಒಂದೇ ಸಲಕ್ಕ 6 ಅಥವಾ ಅದಕ್ಕಿಂತ ಹೆಚ್ಚು ಡ್ರಿಂಕ್ ಎಷ್ಟು ಸಲ ಕುಡೀತೀರಿ?’ ಒಂದ ಅಂದಾವ ಅಲ್ಲೇ ಆರು ಮುಟ್ಟ್ಯಾನ. ಅವ ಸುಳ್ಳು ಹೇಳಿಲ್ಲ. ನಿನ್ನ ಕಾಗದ ಅವನ ಭಾಷೆ ತಿಳಕೊಂಡಿಲ್ಲ.

ಮುಂದಿನ ಸಲ 90ರದ್ದು, 180ರದ್ದು ಖಾಲಿ ಪಾಕೀಟು ತೊಳದು ಚೀಲದಾಗ ಇಟ್ಕೊಂಡು ಹೋಗು. ತೋರಿಸಿ ‘ಇದಾ, ಇದಾ’ ಅಂತ ಕೇಳು. ಪಟ್ಟಿಯ ಒಟ್ಟು ಅಂಕ 8 ಅಥವಾ ಹೆಚ್ಚು ಬಂದ್ರ ಅಪಾಯದ ಕುಡಿತ, 20 ಅಥವಾ ಹೆಚ್ಚು ಬಂದ್ರ ಚಟ ಗಟ್ಟಿಯಾಗಿರಬಹುದು ಅಂತ ಅರ್ಥ.

ಎಡದಂಡೆ ಹುಡುಗಿ:

ಅಕ್ಕಾ, ಮೈ ಜುಂ ಅಂತು. ಬರಕೊಂಡಿದ್ದನ್ನೆಲ್ಲ ಮತ್ತ ಮೊದಲಿಂದ ಕೇಳಬೇಕು.

ಹಮಾಲಿ ಲೆಕ್ಕ:

ಕಾರಟಗಿ ಕಡೆ ರೈಸ್ ಮಿಲ್ಲಿನಾಗ ಲೆಕ್ಕ ಬರೀತೀನಿ. ಬಟವಾಡೆ ದಿನ ಐತಲ್ಲ, ಅದು ಸತ್ಯ. ಬಟವಾಡೆ ಸಂಜಿ ಗೇಟಿನ ಹೊರಗ ಹೆಂಗಸರು ಮಕ್ಕಳನ್ನ ಕಂಕುಳಾಗ ಎತ್ಕೊಂಡು ನಿಂತಿರ್ತಾರ, ರೊಕ್ಕ ಅಂಗಡಿಗೆ ಹೋಗೋ ಮೊದಲು ಹಿಡಕೊಳ್ಳಾಕ. ಒಂದು ಸಲ ಒಬ್ಬಾಕಿ ನನಗ ಅಂದ್ಲು, “ಅಣ್ಣ, ಅರ್ಧ ನನ್ನ ಕೈಯಾಗ ಕೊಡು.” ಕೊಟ್ಟೆ. ಮಾಲಕರು ಬೈದ್ರು. ಈಗ್ಲೂ ಕೊಡ್ತೀನಿ. ಸಮೀಕ್ಷೆ ಮಾಡೋರು ಮನೀಗೆ ಹೋಗೋ ಬದಲು ಒಂದು ಬಟವಾಡೆ ದಿನ ಗೇಟಿಗೆ ಬಂದು ನಿಲ್ರಿ.

ಕೇರಿಯಿಂದ:

ನಾನು ಬ್ಯಾರೆ ಪ್ರಶ್ನಿ ಕೇಳ್ತೀನಿ. ತಂಗಿ, ನೀ ಯಾವ ಓಣಿಗೆ ಹೋದಿ?

ಎಡದಂಡೆ ಹುಡುಗಿ:

ಎಸ್.ಸಿ. ಕಾಲನಿ, ಅದರ ಬಾಜೂ ಓಣಿ, ಜನತಾ ಮನಿಗಳು. ಅಲ್ಲಿ ಬಾಗಲಾ ತೆಗದು ಒಳಗ ಕರೀತಾರ್ರಿ. ದೊಡ್ಡ ಮನಿಗಳಾಗ ‘ಯಜಮಾನ್ರು ಇಲ್ಲ’ ಅಂತಾರ.

ಕೇರಿಯಿಂದ:

ಇದನ್ನೇ ಹೇಳಾಕ ಬಂದೆ. ಪ್ರತಿ ಸಮೀಕ್ಷೆ ಬರೋದು ನಮ್ಮ ಕೇರಿಗೆ. ಆಮ್ಯಾಲ ವರದಿ ಬರ್ತೈತಿ: ಕೂಲಿಕಾರರು ಕುಡೀತಾರ, ದಲಿತರು ಕುಡೀತಾರ. ದೊಡ್ಡ ಮನಿಯವರು ಕಾರಿನಾಗ ಹೊಸಪೇಟಿಗೆ ಹೋಗಿ, ಹೊಟೇಲ್ ರೂಮಿನಾಗ ಬಾಗಲಾ ಹಾಕ್ಕೊಂಡು ಕುಡಿದು ಬರ್ತಾರ. ಅದು ಯಾವ ಫಾರಂನಾಗೂ ಬರಂಗಿಲ್ಲ. ನಮ್ಮ ಅಪ್ಪ ಕುಡದು ಸತ್ತಾನ, ನಾನು ಮುಚ್ಚಿಡಂಗಿಲ್ಲ. ಆದ್ರ ನಮ್ಮಪ್ಪಗ ಮೊದಲ ಸಲ ಕುಡಿಸಿದ್ದು ಗದ್ದಿ ಮಾಲಕ. ರಾತ್ರಿ ನೀರು ಕಟ್ಟಾಕ ಹಚ್ಚಿ, ಕೂಲಿ ಬದಲು ಪಾಕೀಟು ಕೊಟ್ಟ. ಆ ಪ್ರಶ್ನಿ ನಿನ್ನ ಪಟ್ಟಿಯೊಳಗ ಐತೇನು?

ಎಡದಂಡೆ ಹುಡುಗಿ:

ಇಲ್ಲ ಅಣ್ಣಾ. ಹಾಕ್ತೀನಿ. ‘ಮೊದಲ ಸಲ ಯಾರು ಕೊಟ್ರು, ಯಾತಕ್ಕ ಕೊಟ್ರು’ ಅಂತ.

ತಿಪ್ಪಣ್ಣನ ಮಗ:

ಇದು ಸಲ್ಲದ ಮಾತು. ಎಲ್ಲಾ ಮಾಲಕರು ಹಂಗ ಇರಂಗಿಲ್ಲ. ನಮ್ಮ ಹೊಲಕ್ಕ ಬರೋರಿಗೆ ನಾವು ರೊಕ್ಕಾನ ಕೊಡೋದು.

ಕೇರಿಯಿಂದ:

ನೀವು ಕೊಡ್ತೀರಿ ಅಂದ್ರ ನಿಮಗ ಕೈ ಮುಗೀತೀನಿ. ಕೊಡಲಾರದವರ ಕಥಿ ಹೇಳೀನಿ ನಾನು.

ಲೆಕ್ಕದ ಮನುಷ್ಯ:

‘ಕೇರಿಯಿಂದ’ ಅವರ ಮಾತು ಸಂಶೋಧನೆಯ ಬುಡಕ್ಕೇ ತಾಗುತ್ತೆ. ಬಾಗಿಲು ತೆಗೆದ ಮನೆಗಳನ್ನಷ್ಟೇ ಎಣಿಸಿದರೆ ಅದು ಊರಿನ ಲೆಕ್ಕ ಆಗೋಲ್ಲ. ಮತದಾರರ ಪಟ್ಟಿ ತಗೊಂಡು, ಇಷ್ಟು ಮನೆಗೆ ಒಂದರಂತೆ ಆರಿಸಿ. ಮುಚ್ಚಿದ ಬಾಗಿಲಿಗೆ ಮೂರು ಸಲ ಹೋಗಿ, ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಅಂತಲೇ ವರದಿಯಲ್ಲಿ ಓಣಿವಾರು ತೋರಿಸಿ. ಸಿಗದವರ ಸಂಖ್ಯೆಯೂ ಒಂದು ಫಲಿತಾಂಶವೇ.

ಇನ್ನೊಂದು ದಾರಿ ಇದೆ, ಯಾರ ಬಾಯಿಯನ್ನೂ ನಂಬಬೇಕಿಲ್ಲ. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ 2003ರಿಂದ ಪಾನೀಯ ನಿಗಮದ ಮೂಲಕವೇ. ತಾಲೂಕಿನ ಅಂಗಡಿಗಳು ಎತ್ತಿದ ಪೆಟ್ಟಿಗೆ ಲೆಕ್ಕ ಅಬಕಾರಿ ಇಲಾಖೆಯಲ್ಲಿ ಇರುತ್ತೆ. ಮಾಹಿತಿ ಹಕ್ಕಿನಲ್ಲಿ ಕೇಳಿ. 180 ಎಂ.ಎಲ್.ನ ಒಂದು ಪೆಟ್ಟಿಗೆಯಲ್ಲಿ 48 ಇರ್ತಾವೆ, 8.64 ಲೀಟರ್. ಕಿರಾಣಿ ಅಂಗಡಿಯಲ್ಲಿ ಕದ್ದು ಮಾರೋ ಮಾಲೂ ಬಹುಪಾಲು ಇದೇ ಪೆಟ್ಟಿಗೆಯಿಂದ ಹೋಗಿರುತ್ತೆ. ತಾಲೂಕಿನ ಒಟ್ಟು ಲೀಟರ್ ಒಂದು ಕಡೆ, ಜನ ಒಪ್ಪಿಕೊಂಡ ಲೀಟರ್ ಇನ್ನೊಂದು ಕಡೆ ಇಟ್ಟು ನೋಡಿ. ನಡುವಿನ ಅಂತರವೇ ನಿಮ್ಮ ಪ್ರಬಂಧ.

ಅವ್ವನ ಮಗಳು ದೇವದುರ್ಗ:

ಎಣಸ್ಕೊಂತ ಕುಂತ್ರ ಇನ್ನೊಂದು ತಲೆಮಾರು ಹೋಗ್ತೈತಿ. ಮದ್ಯಾನ ಬಂದ್ ಮಾಡಸ್ಬೇಕು. ನಮ್ಮವ್ವ ಮದ್ಯ ನಿಷೇಧ ಮಾಡ್ರಿ ಅಂತ 2019ರ ಜನವರಿ 19ಕ್ಕ ಚಿತ್ರದುರ್ಗದಿಂದ ನಡಕೊಂತ ಹೊರಟಾಕಿ. ರಾಯಚೂರು, ಕೊಪ್ಪಳ, ಈ ಕಡೆಯ ಹೆಂಗಸರೇ ಹೆಚ್ಚಿದ್ರು. ಸುಮಾರು 200 ಕಿಲೋಮೀಟರ್. ಜನವರಿ 30, ಗಾಂಧಿ ತೀರಿಕೊಂಡ ದಿನ ಬೆಂಗಳೂರು ಮುಟ್ಟಿದ್ರು. ಚಪ್ಪಲಿ ಹರದು ಹೋಗಿ ಕಾಲಿಗೆ ಬಟ್ಟಿ ಸುತಗೊಂಡು ನಡದಾಳ. ಬೆಂಗಳೂರಾಗ ಒಬ್ರು ಕೇಳಿದ್ರಂತ, ‘ಅಮ್ಮ, ನೀವು ಓದಿದೀರಾ?’ ಅಂತ. ಅವ್ವ ಅಂದ್ಲು, “ಓದಿಲ್ಲ, ನನ್ನ ಮನಿ ಮುಂದ ಅಂಗಡಿ ಯಾಕ ಇಟ್ರಿ ಅಂತ ಕೇಳಾಕ ಓದಬೇಕೇನು?”

ಸಂವಿಧಾನದ 47ನೇ ವಿಧಿಯೊಳಗ ಸರಕಾರ ಮದ್ಯ ನಿಷೇಧಕ್ಕ ಪ್ರಯತ್ನ ಮಾಡಬೇಕು ಅಂತ ಬರದಾರ. 2025-26ರ ರಾಜ್ಯ ಬಜೆಟ್‌ನಾಗ ಅಬಕಾರಿ ಗುರಿ 40,000 ಕೋಟಿ. ಆ ಗುರಿ ತುಂಬೋದು ನಮ್ಮವ್ವನಂಥವರ ಕೂಲಿಯಿಂದ.

ಹೊಸಪೇಟೆ ರಸ್ತೆ:

ಅಕ್ಕಾ, ನಿಮ್ಮವ್ವನ ನಡಿಗೆಗೆ ಶರಣು. ಆದ್ರ ಬಂದ್ ಮಾಡಿದ್ದನ್ನ ನಾವು ನೋಡಿಲ್ಲೇನು? 2007ರ ಜುಲೈ 1ಕ್ಕ ಸಾರಾಯಿ ಬಂದ್ ಆತು. ಸಾರಾಯಿ ಕುಡಿಯೋರು ಬಿಟ್ರಾ? ಹೆಚ್ಚು ರೊಕ್ಕ ಕೊಟ್ಟು ಅಗ್ಗದ ವಿಸ್ಕಿಗೆ ಹೋದ್ರು. ಮರುವರ್ಷ, 2008ರ ಮೇ ತಿಂಗಳಾಗ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಕಳ್ಳಬಟ್ಟಿ ಕುಡದು 150ಕ್ಕೂ ಹೆಚ್ಚು ಮಂದಿ ಸತ್ರು. ಬಾಜೂಕ ಆಂಧ್ರ ನೋಡ್ರಿ. ನೆಲ್ಲೂರು ಜಿಲ್ಲೆಯ ದೂಬಗುಂಟ ಹೆಂಗಸರು 1992ರಾಗ ಎದ್ದರು, 1993ಕ್ಕ ಸಾರಾಯಿ ಹೋತು, 1995ಕ್ಕ ಪೂರ್ತಿ ನಿಷೇಧ ಬಂತು, 1997ಕ್ಕ ಮತ್ತ ಅಂಗಡಿ ತೆಗದ್ರು.

ಅವ್ವನ ಮಗಳು ದೇವದುರ್ಗ:

ಆ ನಾಕು ವರ್ಷ ಎಷ್ಟು ಮನ್ಯಾಗ ಒಲಿ ಉರೀತು ಅಂತ ಯಾರಾದ್ರೂ ಎಣಿಸಿದ್ರಾ?

ಲೆಕ್ಕದ ಮನುಷ್ಯ:

ಆಂಧ್ರದ್ದು ಬಿಡಿ, ಬಿಹಾರದ್ದು ಎಣಿಸಿದ್ದಾರೆ. 2016ರ ಏಪ್ರಿಲ್‌ನಲ್ಲಿ ಅಲ್ಲಿ ಪೂರ್ತಿ ನಿಷೇಧ ಬಂತು. ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ 2024ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ದಿನವೂ ಅಥವಾ ವಾರವೂ ಕುಡಿಯುವವರ ಸಂಖ್ಯೆಯಲ್ಲಿ 24 ಲಕ್ಷ, ಗಂಡನಿಂದ ಹಿಂಸೆಗೆ ಒಳಗಾಗುವ ಪ್ರಕರಣಗಳಲ್ಲಿ 21 ಲಕ್ಷ ತಪ್ಪಿದವು ಅಂತ ಅಂದಾಜು. ಅದೇ ಬಿಹಾರದ ಸಾರಣ್ ಜಿಲ್ಲೆಯಲ್ಲಿ 2022ರ ಡಿಸೆಂಬರ್‌ನಲ್ಲಿ ಕಳ್ಳಬಟ್ಟಿಗೆ ಹತ್ತಾರು ಜನ ಸತ್ತರು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ನ್ಯಾಯ ಆಗೋಲ್ಲ.

ಕೊಪ್ಪಳ ಆಶಾ:

ಹಿಂಸೆಯ ಮಾತು ಬಂತು ಅಂತ ಹೇಳ್ತೀನಿ. ಅದೇ ಕುಟುಂಬ ಸಮೀಕ್ಷೆಯೊಳಗ ಕರ್ನಾಟಕದ ಮದುವಿಯಾದ ಹೆಂಗಸರಾಗ ಗಂಡನಿಂದ ಹಿಂಸೆ ಅನುಭವಿಸಿದವರು ಶೇ 44.4. ಅದಕ್ಕ ಹಿಂದಿನ ಸಮೀಕ್ಷೆಯಾಗ ಶೇ 20.6 ಇತ್ತು.

ಮೈಸೂರು ಕಡೆಯವ:

ಐದೇ ವರ್ಷದಲ್ಲಿ ಎರಡು ಪಟ್ಟು ಆಗೋಕೆ ಸಾಧ್ಯವಾ? ಕೇಳೋ ರೀತಿ ಬದಲಾಗಿರಬಹುದು.

ಕೊಪ್ಪಳ ಆಶಾ:

ಮೊದಲು ಹೇಳಲಾರದವರು ಈಗ ಹೇಳಿರಬಹುದು. ಹಂಗಿದ್ರ ಮೊದಲಿನ ಅಂಕಿ ಸುಳ್ಳು. ಹೆಂಗ ನೋಡಿದ್ರೂ ನೂರಕ್ಕ ನಲವತ್ನಾಕು ಮಂದಿ ಹೆಂಗಸರು ಬಾಯಿಬಿಟ್ಟು ಹೇಳ್ಯಾರ. ಇದು ಸಣ್ಣ ಮಾತಲ್ಲ.

ಎಡದಂಡೆ ಹುಡುಗಿಗೆ ಒಂದು ಎಚ್ಚರ. ಹೆಂಗಸರನ್ನ ಕೇಳೋವಾಗ ಒಂದು ಮನ್ಯಾಗ ಒಬ್ಬಾಕಿನ್ನ ಮಾತ್ರ ಕೇಳು, ಅತ್ತಿ ಸೊಸಿ ಇಬ್ಬರನ್ನೂ ಕೇಳಬ್ಯಾಡ. ಊರಾಗ ‘ಹೊಡೆತದ ಬಗ್ಗೆ ಕೇಳಾಕ ಬಂದೀನಿ’ ಅನ್ನಬ್ಯಾಡ, ಹೆಂಗಸರ ಆರೋಗ್ಯ ಅನ್ನು. ಗಂಡ ಬಂದ ಕೂಡ್ಲೇ ಮಾತು ರಕ್ತಹೀನತೆ ಗುಳಿಗಿಗೆ ತಿರುಗಿಸು. ನಮಗ ತರಬೇತಿಯಾಗ ಇದನ್ನೇ ಕಲಿಸ್ಯಾರ, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿನೂ ಇದನ್ನೇ ಹೇಳ್ತೈತಿ.

ವಕೀಲ ಬಳ್ಳಾರಿ:

ಪೂರ್ತಿ ನಿಷೇಧ, ಪೂರ್ತಿ ಬಿಡುಗಡೆ ಎರಡರ ನಡುವೆ ಒಂದು ದಾರಿ ಮಹಾರಾಷ್ಟ್ರದಲ್ಲಿದೆ. ಊರಿನ ಶೇ 25ರಷ್ಟು ಮಹಿಳಾ ಮತದಾರರು ಸಹಿ ಹಾಕಿ ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಗ್ರಾಮಸಭೆಗೆ ಇಂಥ ಅಧಿಕಾರ ಕೊಡಿ ಅಂತಲೇ ನಮ್ಮ ಕಡೆಯ ಹೆಂಗಸರೂ ಕೇಳುತ್ತಿರುವುದು. ನಾನು ಇದರ ಪರ. ಅಂಗಡಿ ಬೇಕೋ ಬೇಡವೋ ಅನ್ನೋದನ್ನು ಅದರ ಎದುರು ಬದುಕುವವರು ತೀರ್ಮಾನಿಸಲಿ.

ಹೊಸಪೇಟೆ ರಸ್ತೆ:

ಇದನ್ನ ಒಪ್ತೀನಿ. ಆದ್ರ ಕಿರಾಣಿ ಅಂಗಡ್ಯಾಗ ಮಾರೋದಕ್ಕ ಯಾವ ಮತಪತ್ರ?

ರಾಯಚೂರು ಬಿಸಿಲು:

ಎಲ್ಲಾರೂ ಪಾಕೀಟು ಪಾಕೀಟು ಅಂತೀರಿ. ರಾಯಚೂರಿನ ಗಡಿ ಹಳ್ಳಿಗಳಾಗ ಸೇಂದಿ, ಅಂದ್ರ ಈಚಲ ಹೆಂಡದ ಮಾತು ಯಾಕ ಬರವಲ್ದು? ಗಿಡದಿಂದ ಇಳಿಸಿದ್ದು ಎಲ್ಲಿ ಐತಿ ಈಗ? ನೀರಿಗೆ ಸಿ.ಎಚ್. ಪೌಡರ್ ಹಾಕ್ತಾರ, ಅಂದ್ರ ಕ್ಲೋರಲ್ ಹೈಡ್ರೇಟ್. ಆಲ್ಪ್ರಜೋಲಾಂ, ಡಯಾಜೆಪಾಂ ಪುಡಿ ಹಾಕ್ತಾರ. ಎಲ್ಲಾ ನಿದ್ದಿ ಗುಳಿಗಿ ಜಾತಿ. ಹೆಂಗಸರೂ ಕುಡೀತಾರ, ದಿನಾ ಗದ್ದ್ಯಾಗ ಬಗ್ಗಿ ನಾಟಿ ಮಾಡಿ ಸೊಂಟ ಬಿದ್ದು ಹೋಗಿರ್ತೈತಿ. ಸಮೀಕ್ಷೆಯಾಗ ‘ಮದ್ಯ ಕುಡೀತೀರಾ’ ಅಂದ್ರ ಆಕಿ ಇಲ್ಲ ಅಂತಾಳ, ಯಾಕಂದ್ರ ಆಕಿ ಲೆಕ್ಕದಾಗ ಸೇಂದಿ ಮದ್ಯ ಅಲ್ಲ.

ಸ್ಟಾಫ್ ನರ್ಸ್ ಗಂಗಾವತಿ:

ಇದು ಬಾಳ ಮುಖ್ಯ. ಕಲಬೆರಕೆ ಸೇಂದಿ ಒಮ್ಮೆಲೇ ನಿಂತ್ರ ಫಿಟ್ಸ್ ಬರ್ತಾವ, ಮಾತು ಅಡ್ಡಾದಿಡ್ಡಿ ಆಗ್ತೈತಿ. ದಾಳಿ ಆಗಿ ಸೇಂದಿ ಸಿಗದ ವಾರ ಆಸ್ಪತ್ರಿಗೆ ಇಂಥವರು ಗುಂಪುಗುಂಪಾಗಿ ಬರ್ತಾರ. ಡಾಕ್ಟರಿಗೆ ‘ಸೇಂದಿ ಕುಡೀತಿದ್ದ’ ಅಂತ ಹೇಳಲೇಬೇಕು, ನಾಚಿಕಿ ಮಾಡ್ಕೋಬಾರ್ದು.

ಹಳೇ ಬಳ್ಳಾರಿ:

ಸ್ವಲ್ಪ ಹಿಂದಿನ ಮಾತು. ನಮ್ಮ ಬಳ್ಳಾರಿ 1953ರ ಅಕ್ಟೋಬರ್ 1ರ ತನಕ ಮದ್ರಾಸ್ ರಾಜ್ಯದಾಗಿತ್ತು. ಮದ್ರಾಸಿನಾಗ 1937ಕ್ಕ ಸೇಲಂನಿಂದ ಪಾನನಿಷೇಧ ಶುರುವಾಗಿ 1948ಕ್ಕ ಇಡೀ ಪ್ರಾಂತ್ಯಕ್ಕ ಬಂತು. ರಾಯಚೂರು, ಕೊಪ್ಪಳ ನಿಜಾಮರ ಕಡೆ, ಅಲ್ಲಿ ಸೇಂದಿ ಗುತ್ತಿಗಿಂದ ಖಜಾನಿ ತುಂಬತಿತ್ತು. ತುಂಗಭದ್ರೆ ಈ ದಂಡ್ಯಾಗ ನಿಷೇಧ, ಆ ದಂಡ್ಯಾಗ ಗುತ್ತಿಗಿ. ಹೊಳಿ ದಾಟಿ ಕುಡದು ಬರ್ತಿದ್ರು ಅಂತ ನಮ್ಮಜ್ಜ ಹೇಳತಿದ್ದ.

ಮಸ್ಕಿ ಮಾಸ್ತರ:

ಇದು ಗೊತ್ತೇ ಇರಲಿಲ್ಲ. ಹಂಗಂದ್ರ ಗಡಿ ದಾಟಿ ಕುಡಿಯೋದು ನಮ್ಮ ಕಡೆ ಹಳೇ ಚಾಳಿ. ಮಕ್ಕಳ ಮಾತೂ ಒಂದು ಬರೀರಿ: ಪಂಕ್ಚರ್ ಸಲ್ಯೂಷನ್ ಮೂಸೋದು. ನಮ್ಮ ಊರಾಗ ಶಾಲಿ ಬಿಟ್ಟ ಮೂರು ಹುಡುಗರನ್ನ ಕಂಡೀನಿ. ಅದು ಅಂಗಡ್ಯಾಗ ರಾಜಾರೋಷ ಸಿಗೋ ವಸ್ತು.

ಲೆಕ್ಕದ ಮನುಷ್ಯ:

2019ರ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಒಂದೇ ಬಗೆ ಹೀಗೆ ಮೂಸುವ ವಸ್ತುಗಳು. ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58.

ಲಿಂಗಸುಗೂರು ಗೃಹಿಣಿ:

ಮೂರು ದಿನದಿಂದ ಓದಾಕತ್ತೀನಿ, ಇವತ್ತು ಬರೀತೀನಿ. ಬಸ್ಸಿನ ಹತ್ರ ಕೈ ಹಿಡದಾಕಿ ಕಥಿ ನನ್ನದೂ ಹೌದು.

ಲಾಕ್‌ಡೌನ್‌ನಾಗ, 2020ರ ಮಾರ್ಚ್ ಕೊನಿಗೆ ಅಂಗಡಿ ಎಲ್ಲಾ ಬಂದ್ ಆದವು. ದೇವರು ಕಣ್ಣು ತೆಗದ ಅಂದ್ಕೊಂಡೆ. ಮೊದಲ ದಿನ ನಮ್ಮ ಮನಿಯವರ ಕೈ ನಡುಗಿದ್ವು. ಎರಡನೇ ದಿನ ನಿದ್ದಿ ಇಲ್ಲ, ಬೆವರು. ಮೂರನೇ ದಿನ ಗ್ವಾಡಿ ಮ್ಯಾಲ ಇರವಿ ಹರೀತಾವ ಅಂತ ಕೈಯಿಂದ ಒರಸಾಕ ಹತ್ತಿದ್ರು. ಸತ್ತ ಅವರ ಅಣ್ಣನ ಜೋಡಿ ಮಾತಾಡಿದ್ರು. ಎಲ್ಲಾರೂ ‘ಗಾಳಿ ಹಿಡಿದೈತಿ, ದರ್ಗಾಕ ಕರಕೊಂಡು ಹೋಗ್ರಿ’ ಅಂದ್ರು. ದಾರಿ ಬಂದ್ ಇತ್ತು, ಇಲ್ಲದಿದ್ರ ಹೋಗೇ ಬಿಡ್ತಿದ್ದೆ. ಆಂಬುಲೆನ್ಸ್ ಬಂತು, ಉಳಕೊಂಡ್ರು. ಡಾಕ್ಟರ್ ಅಂದ್ರು, “ಇನ್ನೊಂದು ರಾತ್ರಿ ತಡ ಮಾಡಿದ್ರ ಹೋಗ್ತಿದ್ರು.” ಅಂಗಡಿ ಬಂದ್ ಆದ್ರೂ ಮನಿಷಾ ಸಾಯಬಹುದು ಅಂತ ನಂಗ ಯಾರೂ ಹೇಳಿರಲಿಲ್ಲ.

ಸ್ಟಾಫ್ ನರ್ಸ್ ಗಂಗಾವತಿ:

ತಂಗಿ, ನೀ ಬರದಿದ್ದು ಒಬ್ಬರ ಜೀವ ಉಳಸಬಹುದು. ಎಲ್ಲಾರೂ ಓದ್ರಿ: ದಿನಾ ಕುಡಿಯೋರು ಒಮ್ಮೆಲೇ ಬಿಟ್ರ ಮೊದಲ ಎರಡು ದಿನದೊಳಗ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಕನೇ ದಿನದ ತನಕ ಈ ಗ್ವಾಡಿ ಮ್ಯಾಲ ಇರವಿ ಕಾಣೋ ಸ್ಥಿತಿ. ಅದಕ್ಕ ಡೆಲಿರಿಯಂ ಅಂತಾರ. ಗಾಳಿ ಅಲ್ಲ, ದೆವ್ವ ಅಲ್ಲ. ಆಸ್ಪತ್ರ್ಯಾಗ ಡಯಾಜೆಪಾಂ ಅಥವಾ ಲೋರಾಜೆಪಾಂ ಕೊಟ್ಟು ದಿನಾ ಕಮ್ಮಿ ಮಾಡ್ತಾರ. ಗ್ಲುಕೋಸ್‌ಗಿಂತ ಮೊದಲು ಥಯಾಮಿನ್, ಅಂದ್ರ ಬಿ1 ವಿಟಮಿನ್ ಇಂಜೆಕ್ಷನ್ ಕೊಡಬೇಕು. ಹಿಂದ ಒಮ್ಮೆ ಫಿಟ್ಸ್ ಬಂದಿದ್ರ ಮನ್ಯಾಗ ಬಿಡಿಸೋ ಪ್ರಯತ್ನ ಬ್ಯಾಡ.

ಇನ್ನೊಂದು: ‘ಗೊತ್ತಾಗದಂಗ ಸಾರಿನಾಗ ಹಾಕ್ರಿ, ಕುಡಿತ ಬಿಡ್ತಾನ’ ಅಂತ ಮಾರೋ ಗುಳಿಗಿ, ಪುಡಿ. ಹಲವು ಸಲ ಅದು ಡೈಸಲ್ಫಿರಾಂ. ಅದರ ಮ್ಯಾಲ ಕುಡಿದ್ರ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಬೀಳ್ತೈತಿ, ಎದಿ ನಿಂತು ಸತ್ತವರೂ ಅದಾರ. ಅವನಿಗೆ ಗೊತ್ತಿದ್ದು, ಅವನು ಒಪ್ಪಿ, ಡಾಕ್ಟರ್ ನೋಡ್ಕೊಂಡು ಕೊಡೋ ಔಷಧ ಅದು. ಕದ್ದು ಹಾಕೋದು ವಿಷ ಹಾಕಿದಂಗ.

ಕುಷ್ಟಗಿ ತಮ್ಮ:

ನಮ್ಮಣ್ಣನ್ನ ಒಂದು ಖಾಸಗಿ ‘ವ್ಯಸನಮುಕ್ತಿ ಕೇಂದ್ರ’ಕ್ಕ ಹಾಕಿದ್ವಿ. ಎಲ್ಲಿ ಅಂತ ಹೇಳಂಗಿಲ್ಲ. ರಾತ್ರಿ ಗಾಡಿ ತಂದು ಕೈಕಾಲು ಕಟ್ಟಿ ಒಯ್ದ್ರು, ನಾವೇ ಹಿಡಕೊಟ್ವಿ. ಮೂರು ತಿಂಗಳು ಮುಖ ತೋರಸಲಿಲ್ಲ. ಹೊರಗ ಬಂದಾಗ ಕಾಲಿಗೆ ಸರಪಳಿ ಗಾಯ ಇತ್ತು. ಬಂದ ದಿನಾನ ಕುಡದ. ಇವತ್ತಿಗೂ ನಮ್ಮನ್ನ ನೋಡಿದ್ರ ಮುಖ ತಿರುಗಿಸ್ತಾನ. ಸಾಲ ಮಾಡಿ ರೊಕ್ಕ ಕಟ್ಟಿದ್ವಿ.

ವಕೀಲ ಬಳ್ಳಾರಿ:

ಇದು ಶುದ್ಧ ಕಾನೂನುಬಾಹಿರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದಾಗುವ ತೊಂದರೆಯೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಬರುತ್ತದೆ. ಇಂಥ ರೋಗಿಗಳನ್ನು ಸೇರಿಸಿಕೊಳ್ಳುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದು 95ನೇ ಕಲಮಿನಡಿ ನಿಷಿದ್ಧ. ಸೇರಿಸುವ ಮೊದಲು ಎರಡು ಕೇಳಿ: ನೋಂದಣಿ ಪತ್ರ ತೋರಿಸಿ, ವಾರದಲ್ಲಿ ಯಾವ ದಿನ ಡಾಕ್ಟರ್ ಬರ್ತಾರೆ? ಉತ್ತರ ತಡವರಿಸಿದರೆ ಗಾಡಿ ವಾಪಸ್ ತಿರುಗಿಸಿ.

ಮೈಸೂರು ಕಡೆಯವ:

ಹಾಗಾದರೆ ಬಡವರು ಹೋಗೋದಾದರೂ ಎಲ್ಲಿಗೆ? ನಿಮ್ಹಾನ್ಸ್ ಅಂದರೆ ಬೆಂಗಳೂರು.

ಹಳೇ ಬಳ್ಳಾರಿ:

ಇಲ್ಲಿ ಒಂದು ಮಾತು ಎಲ್ಲಾರಿಗೂ ಗೊತ್ತಿರಬೇಕು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಾಗ. 1985ರಿಂದ 1990ರ ತನಕ ನಿಮ್ಹಾನ್ಸ್‌ನವರು ಇಲ್ಲಿಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳ್ಯಾಗೇ ಔಷಧ ಸಿಗೋ ಹಂಗ ಮಾಡಿ ತೋರಿಸಿದ್ರು. 1996ಕ್ಕ ಕೇಂದ್ರ ಸರಕಾರ ಅದನ್ನ ಬ್ಯಾರೆ ಜಿಲ್ಲೆಗಳಿಗೆ ಒಯ್ತು. ಹೆಸರೇ ‘ಬಳ್ಳಾರಿ ಮಾದರಿ’. ಕುಡಿತಕ್ಕೂ ಅದೇ ದಾರಿ ಯಾಕಾಗಬಾರ್ದು? ಇಡೀ ದೇಶಕ್ಕ ಕಲಿಸಿದ ಜಿಲ್ಲೆಯ ಸುತ್ತಮುತ್ತ ಜನ ಸರಪಳಿ ಹಾಕೋರ ಹತ್ರ ಹೋಗಬೇಕೇನು?

ಲೆಕ್ಕದ ಮನುಷ್ಯ:

ಆಗುತ್ತೆ ಅನ್ನೋದಕ್ಕೆ ಪುರಾವೆಯೂ ಇದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಸಂಸ್ಥೆ ಪ್ರಯೋಗ ಮಾಡಿತು, 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ, ಒಂದರಿಂದ ನಾಲ್ಕು ಸಲ ಕೂತು ಮಾತಾಡಿದರು. ಮೂರು ತಿಂಗಳ ನಂತರ ಅಪಾಯದ ಕುಡಿತದಿಂದ ಹೊರಬಂದವರು ಶೇ 36. ಮಾತುಕತೆ ಸಿಗದ ಗುಂಪಿನಲ್ಲಿ ಶೇ 26. ಪವಾಡ ಅಲ್ಲ, ಆದರೆ ಊರಲ್ಲೇ ಆಗೋ ಕೆಲಸ. ಇನ್ನೊಂದು ಕಡೆ ನಿಮ್ಹಾನ್ಸ್‌ನ 2015-16ರ ರಾಷ್ಟ್ರೀಯ ಸಮೀಕ್ಷೆ ನೋಡಿದರೆ, ಮದ್ಯದ ತೊಂದರೆ ಇರುವ 100 ಜನರಲ್ಲಿ 86 ಜನಕ್ಕೆ ಯಾವ ಚಿಕಿತ್ಸೆಯೂ ಸಿಕ್ಕಿಲ್ಲ.

ಬಿಟ್ಟವನು ತೋರಣಗಲ್ಲು:

ನಾನು ಕುಡೀತಿದ್ದವ. ಬಿಟ್ಟು ಐದನೇ ವರ್ಷ. ಮದ್ಯವರ್ಜನ ಶಿಬಿರಕ್ಕ ಹೋಗಿದ್ದೆ, ಎಂಟು ದಿನ. ಶಿಬಿರ ಮುಗಿಸಿ ಬಂದಾಗ ಊರ ಮಂದಿ ಹಾರ ಹಾಕಿದ್ರು. ಹದಿನೈದು ದಿನಕ್ಕ ಮತ್ತ ಕುಡದೆ. ಆಗ ಯಾರೂ ಬರಲಿಲ್ಲ. ಬಂದದ್ದು ಒಬ್ಬಾವ, ನನ್ನ ಜೋಡಿ ಶಿಬಿರದಾಗಿದ್ದಾವ. ಬೈಲಿಲ್ಲ. ಚಾ ಕುಡಿಸಿ “ನಾಳೆ ಸಂಜಿ ಆರಕ್ಕ ಬರ್ತೀನಿ” ಅಂದ. ಆರು ಗಂಟೆ ಅಂದ್ರ ನನಗ ಅಂಗಡಿ ಹೊತ್ತು. ಅವ ದಿನಾ ಆರಕ್ಕ ಬಂದು ಏಳೂವರಿ ತನಕ ಕೂಡತಿದ್ದ. ಎರಡು ತಿಂಗಳು ಹಂಗ. ಜಿಲ್ಲಾ ಆಸ್ಪತ್ರಿ ಡಾಕ್ಟರು ಆಸೆ ಕಮ್ಮಿ ಮಾಡೋ ಗುಳಿಗಿನೂ ಕೊಟ್ರು. ಯಾವುದರಿಂದ ಬಿಟ್ಟೆ ಅಂತ ಕೇಳಿದ್ರ ನನಗ ಬಿಡಿಸಿ ಹೇಳಾಕ ಬರಂಗಿಲ್ಲ. ಆ ಒಂದೂವರಿ ತಾಸು ಇರದಿದ್ರ ಗುಳಿಗಿ ನುಂಗಾಕ ನಾ ಉಳೀತಿರಲಿಲ್ಲ.

ಸಮೀಕ್ಷೆ ಮಾಡೋ ತಂಗಿ, ‘ಎಷ್ಟು ಸಲ ಬಿಡಾಕ ನೋಡೀರಿ’ ಅಂತ ಕೇಳು. ಆ ಪ್ರಶ್ನಿಗೆ ಗಂಡಸರು ಸುಳ್ಳು ಹೇಳಂಗಿಲ್ಲ. ಅಳ್ತಾರ.

ಸ್ಟಾಫ್ ನರ್ಸ್ ಗಂಗಾವತಿ:

ಎಡದಂಡೆ ಹುಡುಗಿ, ನಿನ್ನ ಎರಡನೇ ಪ್ರಶ್ನಿಗೆ ಉತ್ತರ. ‘ಮನೋಚೈತನ್ಯ’ ಕಾರ್ಯಕ್ರಮದಾಗ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರಿಗೆ ಬರ್ತಾರ. ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸ್ಕೊ. ರಾಯಚೂರಿಗೆ ಹೋದ್ರ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರಿ ರಿಮ್ಸ್‌ನಾಗ ಮನೋವೈದ್ಯ ವಿಭಾಗ ಐತಿ. ಗಂಡ ಬರಂಗಿಲ್ಲ ಅಂದ್ರೂ ಆಕಿ ಒಬ್ಬಾಕಿನೇ ಹೋಗಿ ಮಾತಾಡಬಹುದು. ರಾತ್ರಿ ಹೊತ್ತು ಕಷ್ಟ ಬಂದ್ರ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಾಗ ಮಾತಾಡ್ತಾರ. ವ್ಯಸನದ ಸಹಾಯವಾಣಿ 14446. ಎರಡೂ ಪುಕ್ಕಟೆ.

ಕೊಪ್ಪಳ ಆಶಾ:

ಮಂಗಳವಾರ ನಮ್ಮ ಕಡೆ ಹೆಂಗಸರು ಹುಲಿಗೆಮ್ಮಗ ಹೋಗ್ತಾರ. ಹುಲಿಗಿಗೆ ಅಂತ ಹೇಳಿ ಮನಿ ಬಿಡಬಹುದು.

ಎಡದಂಡೆ ಹುಡುಗಿ:

ಎಲ್ಲಾರ ಮಾತು ನೋಟ್‌ಬುಕ್ಕಿನಾಗ ಬರಕೊಂಡೀನಿ. ಗೈಡ್ ಸರ್ ಹತ್ರ ಹೋಗಿ 180ರ ಖಾಲಿ ಪಾಕೀಟು ಮೇಜಿನ ಮ್ಯಾಲ ಇಟ್ಟು ಕೇಳಿದೆ, “ಸರ್, ಇದು ಎಷ್ಟು ಡ್ರಿಂಕ್?” ಒಂದು ಅಂದ್ರು. ಲೆಕ್ಕ ಬಿಡಿಸಿ ತೋರಿಸಿದೆ. ಬಾಳ ಹೊತ್ತು ಸುಮ್ಮನ ಕುಂತು, ಒಂದು ತಿಂಗಳು ಹೆಚ್ಚಿಗಿ ಕೊಟ್ಟಾರ. ಮತದಾರರ ಪಟ್ಟಿ ಸಿಕ್ಕೈತಿ, ಈ ಸಲ ದೊಡ್ಡ ಓಣಿಯಿಂದ ಶುರು. ಮಾಹಿತಿ ಹಕ್ಕಿನ ಅರ್ಜಿನೂ ಹಾಕೀನಿ. ಸೇಂದಿಗೆ ಬ್ಯಾರೆ ಪ್ರಶ್ನಿ ಮಾಡೀನಿ.

ಆಕಿ ಸಿಕ್ಕಿದ್ಲು. ಬರೋ ಮಂಗಳವಾರ ಬರ್ತೀನಿ ಅಂದಾಳ, ಮುಂಜಾನಿ ಮೊದಲ ಬಸ್ಸಿಗೆ. ನಾನೂ ಜೋಡಿ ಹೋಗ್ತೀನಿ.

ಲಿಂಗಸುಗೂರು ಗೃಹಿಣಿ:

ಸಿಂಧನೂರಿಗೆ ಎಷ್ಟೊತ್ತಿಗೆ ಮುಟ್ತೀರಿ ಹೇಳ್ರಿ. ಆಸ್ಪತ್ರಿ ಗೇಟಿನ ಹತ್ರ ನಾನೂ ಬಂದು ನಿಂತಿರ್ತೀನಿ. ಆಕಿಗೆ ಪಕ್ಕದಾಗ ಕುಂದ್ರಾಕ ಒಬ್ಬರಾದ್ರೂ ಬೇಕಲ್ಲ.